ಆಮೆ ಮುಟ್ಟಿದ ಕೈ

ನಾಹುವಾಳಿಗೆ ಆಮೆ ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ರಾಜಧಾನಿಯಿಂದ ಬಂದವರು ಅವಳ ಫೋಟೋ ತೆಗೆದು ‘ಆಮೆಗಳ ತಾಯಿ’ ಎಂದು ಬರೆದುಕೊಂಡು ಹೋದರು. ಅದು ಶುದ್ಧ ಸುಳ್ಳು. ಆಮೆ ದಾರಿಗೆ ಅಡ್ಡ ಬಂದರೆ ಅವಳು ಹೊದ್ದ ಬಟ್ಟೆಯ ತುದಿಯಿಂದ ಮೂಗು ಮುಚ್ಚಿಕೊಂಡು ಸುತ್ತು ಹಾಕಿ ಹೋಗುತ್ತಿದ್ದಳು. ಊಟದ ಹೊತ್ತಿನಲ್ಲಿ ಯಾರಾದರೂ ಅದರ ಹೆಸರೆತ್ತಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು.

ಇದು ಅವಳೊಬ್ಬಳ ಗುಣವಲ್ಲ. ಮಡಗಾಸ್ಕರಿನ ದಕ್ಷಿಣದ ಮುಳ್ಳುಕಾಡಿನಲ್ಲಿರುವ ತಂದ್ರುಯ್ ಜನಕ್ಕೆಲ್ಲ ಆಮೆ ಎಂದರೆ ಫಾಲಿ. ಮುಟ್ಟಬಾರದು, ತಿನ್ನಬಾರದು, ಅದನ್ನು ಬೇಯಿಸಿದ ಪಾತ್ರೆಯನ್ನು ಹೊಸಿಲು ದಾಟಿಸಬಾರದು. ಬೆನ್ನ ಮೇಲೆ ಹಳದಿ ಗೆರೆ ಎಳೆದುಕೊಂಡ ಆ ದೊಡ್ಡ ಆಮೆಗಳು ಅಲ್ಲಿ ಅಷ್ಟು ಕಾಲ ಬದುಕಿದ್ದು ಯಾರ ಪ್ರೀತಿಯಿಂದಲೂ ಅಲ್ಲ, ಈ ಅಸಹ್ಯದಿಂದ. ಪ್ರೀತಿ ಇದ್ದ ಕಡೆಯ ಆಮೆಗಳೆಲ್ಲ ಎಂದೋ ಸಾರಾಗಿ ಹೋದವು.

ಅಂಕಿಲಿಬೆ ಊರಿನಲ್ಲಿ, ಲಾರಿ ಓಡಾಡುವ ಮಣ್ಣು ರಸ್ತೆಯ ಪಕ್ಕ ಅವಳದೊಂದು ಹೋಟ್ಲು. ಗಂಡ ಉತ್ತರಕ್ಕೆ ನೀಲಮಣಿ ಕಲ್ಲು ಅಗೆಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಸುದ್ದಿ ಬಂದ ದಿನ ಅವಳು ಅಳಲಿಲ್ಲ. ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿ ಒಂದು ಪಾತ್ರೆ ಇಟ್ಟಳು. ಇಪ್ಪತ್ತು ವರ್ಷದಲ್ಲಿ ಮೂರು ಪಾತ್ರೆಯಾಯಿತು, ತಗಡಿನ ಸೂರಾಯಿತು, ಎರಡು ಬೆಂಚಾಯಿತು. ಅನ್ನ, ಅಲಸಂದೆ ಸಾರು, ಮೇಕೆ ಮಾಂಸ, ಮರಗೆಣಸು. ಕೊನೆಗೆ ಸೀದ ಅನ್ನದ ತಳಕ್ಕೆ ನೀರು ಹಾಕಿ ಕುದಿಸಿದ ಗಂಜಿನೀರು. ದನ ಹೊಡೆದುಕೊಂಡು ಬರುವ ತಂದ್ರುಯ್ ಗಂಡಸರು ಬೇರೆ ಮೂರು ಹೋಟ್ಲು ದಾಟಿಕೊಂಡು ಅವಳಲ್ಲಿಗೇ ಬರುತ್ತಿದ್ದರು. ಬೇರೆಯವರ ಕೈರುಚಿ ಕಡಿಮೆ ಅಂತಲ್ಲ. ನಾಹುವಾಳ ಪಾತ್ರೆಗೆ ಆಮೆ ಬಿದ್ದಿಲ್ಲ, ಅವಳ ಕೈ ಆಮೆ ಮುಟ್ಟಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದೇ ಅವಳ ಬಂಡವಾಳ. ಬೋರ್ಡು ಬೇಕಿರಲಿಲ್ಲ.

ಪರಸ್ಥಳದ ಲಾರಿ ಡ್ರೈವರುಗಳು ಮಾತ್ರ ಅವಳ ತಾಳ್ಮೆ ಪರೀಕ್ಷೆ ಮಾಡುತ್ತಿದ್ದರು. ಅವರಲ್ಲಿ ಫಿದಿ ಎಂಬವನೊಬ್ಬ. ದುಂಡು ಮುಖ, ಎಣ್ಣೆ ಬಾಯಿ, ಬೆಂಚಿನ ಮೇಲೆ ಕಾಲು ಚಾಚಿ ಕೂರುವ ಜಾತಿ.

“ಅವ್ವಾ, ಒಂದೇ ಒಂದು ದಿನ ನಾನು ತಂದದ್ದನ್ನ ಬೇಯಿಸಿಕೊಡು. ಅದರ ಈಲಿ ಹುರಿದು ತಿಂದ್ರೆ ನಿನ್ನ ಮಂಡಿನೋವು ಓಡಿಹೋಗುತ್ತೆ.”

“ನನ್ನ ಮಂಡಿ ಇರ್ಲಿ ಬಿಡು. ಮೊದಲು ನಿನ್ನ ಬಾಯಿ ತೊಳ್ಕೊಂಡು ಬಾ. ಸತ್ತ ವಾಸನೆ ಬರುತ್ತೆ.”

“ತಿಂದು ನೋಡದೆ ಹೇಳ್ತೀಯಲ್ಲ.”

“ಸಗಣಿನೂ ತಿಂದು ನೋಡಿಲ್ಲ. ಅದರ ರುಚಿ ನಿನಗೇ ಗೊತ್ತಿರಬೇಕು.”

ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಫಿದಿಯೂ ನಗುತ್ತಿದ್ದ. ಅವನ ಲಾರಿಯ ತಳದಲ್ಲಿ ಇದ್ದಿಲಿನ ಚೀಲಗಳ ಕೆಳಗೆ ಏನು ಹೋಗುತ್ತದೆಂದು ಊರಿಗೆ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಮುಟ್ಟಬಾರದ್ದರ ಉಸಾಬರಿ ನಮಗ್ಯಾಕೆ ಎಂಬುದು ಅಲ್ಲಿನವರ ನ್ಯಾಯ. ತಾವು ತಿನ್ನದಿದ್ದರೆ ಸಾಕು, ಕೈ ತೊಳೆದ ಹಾಗೆ.

ಲಾಂತು ಎಂಬ ಹುಡುಗಿ ರಾಜಧಾನಿಯಿಂದ ಬಂದು ಮೂರು ತಿಂಗಳು ನಾಹುವಾಳ ಹೋಟ್ಲಿನಲ್ಲೇ ಊಟಕ್ಕೆ ಬರುತ್ತಿದ್ದಳು. ಓದಿದವಳು. ಕಾಡಿನಲ್ಲಿ ಆಮೆ ಮೊಟ್ಟೆಯಿಟ್ಟ ಜಾಗ ಹುಡುಕಿ, ಮಣ್ಣಿಗೆ ಕಡ್ಡಿಯಂಥ ಥರ್ಮಾಮೀಟರು ಚುಚ್ಚಿ ಬಿಸಿ ಎಷ್ಟೆಂದು ಬರೆದುಕೊಳ್ಳುವುದು ಅವಳ ಕೆಲಸ. ಆಮೆ ಮುಟ್ಟಿದ ಕೈಯೆಂದು ನಾಹುವಾ ಅವಳಿಗೆ ಬೇರೆ ತಟ್ಟೆ ಇಟ್ಟಿದ್ದಳು. ಅದನ್ನು ಬೂದಿ ಹಾಕಿ ತೊಳೆದು ಹೊರಗೆ ಕವುಚಿಡುತ್ತಿದ್ದಳು. ಲಾಂತು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

“ಅವ್ವಾ, ನೀವು ಚಿಕ್ಕವರಿದ್ದಾಗ ಆಮೆ ಮರಿ ನೋಡ್ತಿದ್ರಾ?” ಎಂದು ಒಂದು ಮಧ್ಯಾಹ್ನ ಕೇಳಿದಳು.

“ಊಟ ಮಾಡ್ತಾ ಅದೆಲ್ಲ ಯಾಕೆ?”

“ಹೇಳಿ.”

“ನೋಡ್ದೆ ಏನು. ಮೊದಲ ಮಳೆ ಬಿದ್ದ ಮೇಲೆ ಕಾಲಿಡೋಕೆ ಜಾಗ ನೋಡ್ಬೇಕಿತ್ತು. ಹೇಸಿಗೆ.”

“ಕೊನೇ ಸಲ ಯಾವಾಗ ನೋಡಿದ್ರಿ?”

ನಾಹುವಾ ಸೌಟು ಹಿಡಿದು ನಿಂತಳು. ತಂಗಿಯ ಮದುವೆಯ ವರ್ಷವೇ? ಅದಕ್ಕೂ ಹಿಂದೆಯೇ? ನೆನಪಿಗೆ ಬರಲಿಲ್ಲ.

“ಮೊಟ್ಟೆ ಮಣ್ಣೊಳಗೆ ಮಳೆಗೆ ಕಾಯುತ್ತೆ ಅವ್ವಾ,” ಎಂದಳು ಲಾಂತು. “ಮಳೆ ಬಂದು ಮಣ್ಣು ಮೆದುವಾದ್ರೆ ಮರಿ ಹೊರಗೆ ಬರುತ್ತೆ. ಈಗ ಮಳೆ ಎರಡು ಮೂರು ತಿಂಗಳು ತಡ. ಕೆಲವು ವರ್ಷ ಬರೋದೇ ಇಲ್ಲ. ಮಣ್ಣು ಕಾದು ಮೊಟ್ಟೆ ಒಳಗೇ ಬೆಂದುಹೋಗುತ್ತೆ. ಹೊರಗೆ ಬಂದ ನಾಲ್ಕು ಮರಿಗೆ ತಿನ್ನೋಕೆ ಹಸಿರಿಲ್ಲ. ಈಗ ಓಡಾಡ್ತಾ ಇರೋವೆಲ್ಲ ಮುದುಕರು, ಮುದುಕಿಯರು. ಇವು ಹೋದ್ರೆ ಹಿಂದೆ ಬರೋವು ಇಲ್ಲ.”

“ಹೋದ್ರೆ ಹೋಗ್ಲಿ, ಪೀಡೆ ಕಳೀತು,” ಎಂದಳು ನಾಹುವಾ. ಆದರೆ ಮರುದಿನದಿಂದ ನೀರಿಗೆ ಹೋಗುವಾಗ ಅವಳ ಕಣ್ಣು ತನ್ನಷ್ಟಕ್ಕೇ ಪೊದೆಯ ಬುಡ ನೋಡತೊಡಗಿತು. ಮರಿ ಒಂದೂ ಕಾಣಲಿಲ್ಲ. ಅದರಿಂದ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬೇಡದ್ದನ್ನು ಹುಡುಕುವ ಕರ್ಮ ಯಾಕೆ ಬಂತಪ್ಪಾ ಎಂದು ಬೈದುಕೊಂಡಳು.

ಲಾಂತು ಹೋದ ಮೇಲಿನ ವರ್ಷ ಮಳೆಗಾಲ ಶುರುವಾಗಬೇಕಾದ ಡಿಸೆಂಬರ್ ಬಂದರೂ ಹನಿ ಬೀಳಲಿಲ್ಲ. ಕೆಂಪು ಗಾಳಿ ಬೀಸಿ ಪಾಪಾಸುಕಳ್ಳಿಯ ಬೇಲಿ ಅರ್ಧ ಮರಳಲ್ಲಿ ಹೂತುಹೋಯಿತು. ಊರವರು ದಿನಕ್ಕೊಂದು ಹೊತ್ತು ಉಣ್ಣುತ್ತಿದ್ದರು. ಲಾರಿಗಳು ಅಕ್ಕಿ ತರುತ್ತಿದ್ದರಿಂದ ನಾಹುವಾಳ ಒಲೆ ಆರಲಿಲ್ಲ. ಮಧ್ಯಾಹ್ನದ ವ್ಯಾಪಾರ ಮುಗಿದ ಮೇಲೆ ಉಳಿದ ಅನ್ನ, ಗಂಜಿನೀರು ಊರಿನ ಹೆಂಗಸರಿಗೆ ಹೋಗುತ್ತಿತ್ತು. ಮೊದಲು ಬಂದು ಕೂರುತ್ತಿದ್ದವಳು ಅವಳ ತಂಗಿ ಮಾಸಿ.

ಅಂಥ ಒಂದು ದಿನ ನಡು ಮಧ್ಯಾಹ್ನ ಫಿದಿಯ ಲಾರಿ ಧೂಳೆಬ್ಬಿಸಿಕೊಂಡು ಬಂತು. ಮುಂದೆ ಪೊಲೀಸರು ಅಡ್ಡ ಹಾಕಿದ್ದಾರೆಂದು ಯಾರೋ ಹೇಳಿರಬೇಕು. ಊರಾಚೆಯ ಬಯಲಲ್ಲಿ ಒಂದು ನಿಮಿಷ ನಿಂತು, ಒಂಬತ್ತು ಚೀಲ ಕೆಳಕ್ಕೆ ಒಗೆದು ಹೊರಟುಹೋಯಿತು. ಗೋಣಿ ದಾರದಲ್ಲಿ ಬಾಯಿ ಹೊಲಿದ ಚೀಲಗಳು. ಜನ ಹೋಗಿ ಸುತ್ತ ನಿಂತರು. ಚೀಲ ಅಲುಗಾಡುತ್ತಿದ್ದವು. ಒಳಗಿಂದ ಚಿಪ್ಪಿಗೆ ಚಿಪ್ಪು ತಾಗುವ ಸದ್ದು, ಪರಚುವ ಸದ್ದು, ಜೊತೆಗೆ ನಾತ.

“ಬಾಯಿನಾದ್ರೂ ಬಿಚ್ಚಿ, ಉಸಿರಾಡ್ಲಿ,” ಎಂದಿತು ಒಂದು ದನಿ.

“ಯಾರು ಬಿಚ್ತಾರೆ? ನೀನು ಬಿಚ್ತೀಯಾ?”

“ಉದ್ದ ಕೋಲಿಗೆ ಕತ್ತಿ ಕಟ್ಟಿ ಕೊಯ್ದ್ರೆ?”

ಎಲ್ಲರೂ ತ್ಸಿಹಾಲಾನ ಕಡೆ ನೋಡಿದರು. ಅವನು ಕುಲದ ಹಿರಿಯ. ಸತ್ತ ಹಿರಿಯರೊಂದಿಗೆ ಮಾತಾಡುವವನು ಅವನೇ. ಫಾಲಿಯ ವಿಷಯದಲ್ಲಿ ಅವನು ಹೇಳಿದ್ದೇ ಕೊನೆ. ಅವನು ಗಡ್ಡ ನೀವಿಕೊಂಡು ಯೋಚಿಸಿದ.

“ಕೋಲು ಮುಟ್ಟಿದ್ರೂ ಕೈ ಮುಟ್ಟಿದ ಹಾಗೇನೇ. ಸರ್ಕಾರದ ಪ್ರಾಣಿ. ಸಾಹೇಬರಿಗೆ ಫೋನ್ ಮಾಡಿ, ಬಂದು ತಗೊಂಡು ಹೋಗ್ಲಿ.”

ಫೋನ್ ಮಾಡಿದರು. ಜಿಲ್ಲೆಯ ಕಾಡಿನ ಸಾಹೇಬ, ಗಾಡಿಗೆ ಡೀಸೆಲ್ ಇಲ್ಲ, ನಾಡಿದ್ದು ಬರುತ್ತೇನೆ, ಅಲ್ಲಿತನಕ ನೆರಳಲ್ಲಿಡಿ ಎಂದ. ನೆರಳಲ್ಲಿಡಬೇಕಾದರೆ ಎತ್ತಬೇಕು. ಎತ್ತಲು ಮುಟ್ಟಬೇಕು. ಜನ ತಲೆಯಾಡಿಸಿ ಮನೆಗೆ ಹೋದರು. ತಾವು ತಪ್ಪು ಮಾಡಲಿಲ್ಲವೆಂಬ ಸಮಾಧಾನ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ನಾಹುವಾಳೂ ಹೋದಳು. ಸಂಜೆ ಒಂದು ಬಕೆಟ್ ನೀರು ತಂದು ದೂರದಿಂದ ಎರಚಿದಳು. ಅರ್ಧ ಮರಳಿಗೆ ಬಿತ್ತು. ಕೊಂಡು ತಂದ ನೀರು, ಅದಕ್ಕೂ ಊರವರಿಂದ ಬೈಸಿಕೊಂಡಳು.

ಮರುದಿನ ಬಿಸಿಲು ಏರಿದ ಮೇಲೆ ಮತ್ತೆ ಹೋಗಿ ನೋಡಿದಳು. ಮೂಲೆಯ ಒಂದು ಚೀಲ ಸುಮ್ಮನಾಗಿತ್ತು. ನೊಣ ಮುತ್ತಿದ್ದವು. ಚೀಲದ ಅಡಿಯಿಂದ ಕಪ್ಪು ನೀರು ಹರಿದು ಒಣಗಿತ್ತು. ಬೇಲಿಯ ನೆರಳಲ್ಲಿ ಏಳೆಂಟು ಜನ ಕೂತಿದ್ದರು. ಮಾಸಿ ಮಗಳ ತಲೆಯಲ್ಲಿ ಹೇನು ನೋಡುತ್ತಿದ್ದಳು. ಕಾವಲು ಕಾಯುತ್ತಿದ್ದಾರಂತೆ, ಕಳ್ಳರು ಬರದ ಹಾಗೆ.

“ಒಂದು ಚೀಲ ಸತ್ತೋಯ್ತು,” ಎಂದಳು ನಾಹುವಾ.

“ಅಯ್ಯೋ ಪಾಪ,” ಎಂದಳು ಮಾಸಿ, ಹೇನು ಕುಟ್ಟುತ್ತ.

ನಾಹುವಾಳಿಗೆ ಆ ಕ್ಷಣದಲ್ಲಿ ಹುಟ್ಟಿದ ಅಸಹ್ಯ ಬೇರೆಯದು. ಹುಟ್ಟಿದಂದಿನಿಂದ ಆಮೆಯ ಮೇಲಿದ್ದದ್ದು ಇದರ ಮುಂದೆ ಏನೂ ಅಲ್ಲ. ಈ ನೆರಳು, ಈ ಹೇನು, ಈ ‘ಅಯ್ಯೋ ಪಾಪ’. ಹಿಂದೆ ಬರುವವು ಇಲ್ಲವಂತೆ, ಇರುವ ಮುದಿ ಆಮೆಗಳು ಕಣ್ಣೆದುರಿಗೇ ಹೊಲಿದ ಚೀಲದಲ್ಲಿ ಬೇಯುತ್ತಿವೆ, ಮತ್ತು ಇವರಿಗೆ ತಮ್ಮ ಕೈ ಚೊಕ್ಕಟವಾಗಿದೆಯೆಂಬ ನೆಮ್ಮದಿ. ತಾನೂ ನಿನ್ನೆ ಇವರಲ್ಲೊಬ್ಬಳಾಗಿದ್ದೆ ಎಂಬುದು ನೆನಪಾಗಿ ಇನ್ನಷ್ಟು ಹೇಸಿದಳು. ಹೋಟ್ಲಿಗೆ ಹೋಗಿ ಮಾಂಸ ಕೊಯ್ಯುವ ಚೂರಿ ತಂದಳು.

“ಅಕ್ಕಾ, ಏನ್ ಮಾಡ್ತಿದ್ದೀಯ? ಹುಚ್ಚು ಹಿಡೀತಾ?” ಮಾಸಿ ಎದ್ದು ನಿಂತಳು. “ನಾಳೆಯಿಂದ ನಿನ್ನ ಕೈಯ ಅನ್ನ ಯಾರು ತಿಂತಾರೆ? ಹೋಟ್ಲು ಏನಾಗುತ್ತೆ? ನಮ್ಮ ಗತಿ?”

“ಹಾಗಾದ್ರೆ ನೀನು ಬಾ, ಬಿಚ್ಚು.”

ಮಾಸಿ ಬರಲಿಲ್ಲ. ನಾಹುವಾ ಮೊದಲ ಚೀಲ ಸೀಳಿದಳು. ಆಮೇಲಿನದು ಹೇಳುವಂಥದಲ್ಲ, ಆದರೂ ಹೇಳಬೇಕು. ಒಂದರ ಮೇಲೊಂದು ಮಗುಚಿ ತುಂಬಿದ್ದರು. ಕೆಲವುಗಳ ಕಾಲನ್ನು ಅಂಟುಪಟ್ಟಿಯಿಂದ ಸುತ್ತಿದ್ದರು. ಎತ್ತಿದರೆ ಹೆದರಿಕೆಗೆ ಮೈಯಲ್ಲಿದ್ದ ನೀರನ್ನೆಲ್ಲ ಅವಳ ಮೈಮೇಲೇ ಬಿಡುತ್ತಿದ್ದವು. ಮುಂಗೈಯಿಂದ ಮೊಣಕೈವರೆಗೆ ಹೇಲು, ಉಚ್ಚೆ, ಸತ್ತದ್ದರ ಕೀವು. ಎರಡು ಸಲ ಪಕ್ಕಕ್ಕೆ ತಿರುಗಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಳ್ಳಲು ಕೈ ಎತ್ತಿ, ಕೈ ನೋಡಿ, ಹಾಗೇ ಇಳಿಸಿದಳು. ಒಂದೊಂದನ್ನೇ ಎದೆಗವಚಿ ಹುಣಸೆಮರದ ನೆರಳಿಗೆ ಹೊತ್ತಳು. ಕತ್ತಲಾಗುವ ಹೊತ್ತಿಗೆ ಎಂಟು ಚೀಲ ಬರಿದಾಗಿದ್ದವು. ಒಂಬತ್ತನೆಯದನ್ನು ಬಿಚ್ಚಲಿಲ್ಲ.

ಆ ಆಮೆಗಳ ಮೇಲೆ ಅವಳಿಗೆ ಪ್ರೀತಿ ಉಕ್ಕಿತೆಂದು ಯಾರೂ ತಿಳಿಯಬಾರದು. ಮುಳ್ಳು ಸುಟ್ಟ ಪಾಪಾಸುಕಳ್ಳಿ ತುಂಡು ಅವುಗಳ ಮುಂದೆ ಎಸೆದು, “ತಿನ್ರೋ ದರಿದ್ರಗಳಾ,” ಎಂದು ಬೈದು, ಮರಳಲ್ಲಿ ಕೈ ತಿಕ್ಕುತ್ತ ಕೂತಳು. ಚರ್ಮ ಕಿತ್ತುಬಂದರೂ ವಾಸನೆ ಹೋಗಲಿಲ್ಲ.

ಸಾಹೇಬ ಹೇಳಿದ ದಿನ ಬರಲಿಲ್ಲ, ಮರುದಿನ ಬಂದ. ಜೊತೆಗೆ ಕ್ಯಾಮೆರಾದವರು, ಹಿಂದೆ ಇನ್ನೊಂದು ಗಾಡಿಯಲ್ಲಿ ಲಾಂತು. ಸಾಹೇಬ ಒಂದು ಆಮೆಯನ್ನು ಎತ್ತಿ ಹಿಡಿದು ಕ್ಯಾಮೆರಾದ ಮುಂದೆ ಭಾಷಣ ಬಿಗಿದ. ಭೂಮಿ ಬಿಸಿಯಾಗುತ್ತಿದೆ, ಈ ಸಂಪತ್ತನ್ನು ಮುಂದಿನ ಪೀಳಿಗೆಗೆ ಉಳಿಸಬೇಕು, ಇಲಾಖೆ ಹಗಲಿರುಳು ದುಡಿಯುತ್ತಿದೆ. ಆಚಾರ ಹೇಳಿ ಬದನೆಕಾಯಿ ತಿನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಭಾಷಣ ಮುಗಿದ ಮೇಲೆ ಅವನ ಆಳು ಬೆಳಿಗ್ಗೆಯಷ್ಟೇ ಸತ್ತಿದ್ದ ಒಂದು ಕೊಬ್ಬಿದ ಆಮೆಯನ್ನು ಆರಿಸಿ, ಪೇಪರಿನಲ್ಲಿ ಸುತ್ತಿ ಜೀಪಿನ ಸೀಟಿನಡಿಗೆ ಸೇರಿಸಿದ. ನಾಹುವಾ ನೋಡಿದಳು.

“ಸಾಕ್ಷಿಗೆ ಬೇಕಮ್ಮ,” ಎಂದ ಸಾಹೇಬ.

“ಹೌದು, ಸಾಕ್ಷಿ ಕೊಳೆತಿದ್ರೆ ರುಚಿ ಇರಲ್ಲ,” ಎಂದಳು ನಾಹುವಾ.

ಲಾಂತು ಅವಳನ್ನು ತಬ್ಬಿಕೊಳ್ಳಲು ಬಂದಳು. “ದೂರ ಇರು ಮಗಳೇ, ನನ್ನ ನಾತ ನನಗೇ ತಡ್ಕೊಳ್ಳೋಕಾಗ್ತಿಲ್ಲ,” ಎಂದು ಅವಳು ಹಿಂದೆ ಸರಿದಳು. ಬದುಕಿದ್ದ ಆಮೆಗಳನ್ನು ಲಾಂತು ಕಾಳಜಿಯಿಂದ ತುಂಬಿಸಿಕೊಂಡು ಹೋದಳು. ಧೂಳು ಅಡಗಿತು. ಹೋಟ್ಲಿನ ಬೆಂಚು ಖಾಲಿ ಇತ್ತು.

ಒಂದು ವಾರ ಬೆಂಚು ಹಾಗೇ ಇತ್ತು. ದನದವರು ದೂರದಿಂದಲೇ ತಲೆ ಬಾಗಿಸಿ ಮುಂದಿನ ಹೋಟ್ಲಿಗೆ ಹೋದರು. ಹೊಸ ಪಾತ್ರೆ ತಂದರೂ ಉಪಯೋಗವಾಗಲಿಲ್ಲ. ಕೆಟ್ಟದ್ದು ಪಾತ್ರೆಯಲ್ಲ, ಕೈ. ಹಸಿದ ಹೆಂಗಸರು ರಸ್ತೆಯ ಆಚೆ ಬದಿಯಲ್ಲಿ ಕೂತು ಅವಳ ಒಲೆಯ ಹೊಗೆ ನೋಡುತ್ತಿದ್ದರು, ಈಚೆ ಬರುತ್ತಿರಲಿಲ್ಲ. ಮಾಸಿಯೂ ಅಲ್ಲೇ.

ತ್ಸಿಹಾಲಾ ಹೇಳಿಕಳಿಸಿದ. ಒಂದು ಕುರಿ ತಂದು, ಸತ್ತ ಹಿರಿಯರ ಹೆಸರಲ್ಲಿ ನೆಟ್ಟ ಕಂಬದ ಮುಂದೆ ನಿಂತು, ನೀರು ಚಿಮುಕಿಸಿಕೊಂಡರೆ ಮೈಲಿಗೆ ಹೋಗುತ್ತದೆ. ನಾಹುವಾ ಕುರಿ ಎಳೆದುಕೊಂಡು ಹೋದಳು. ಊರೆಲ್ಲ ನೆರೆದಿತ್ತು. ಅವಳು ಚೊಕ್ಕಟವಾಗಲಿ ಎಂದು ಅವಳಿಗಿಂತ ಅವರಿಗೇ ಆತುರ.

“ಹೆಚ್ಚೇನಿಲ್ಲ ಮಗಳೇ,” ಎಂದ ತ್ಸಿಹಾಲಾ. “‘ತಪ್ಪು ಮಾಡಿದೆ, ಇನ್ನು ಮಾಡಲ್ಲ’ ಅಂತ ಹಿರಿಯರ ಮುಂದೆ ಹೇಳು. ಸಂಜೆಗೆ ನಿನ್ನ ಕೈಯ ಅನ್ನ ನಾನೇ ಮೊದಲು ತಿಂತೀನಿ.”

ನಾಹುವಾ ಬಾಯಿ ತೆರೆದಳು. ಒಂದು ಮಾತು. ಇಪ್ಪತ್ತು ವರ್ಷದ ಹೋಟ್ಲು, ತಂಗಿ, ಊರು, ಎಲ್ಲ ಆ ಮಾತಿನ ಆಚೆ ಬದಿಯಲ್ಲಿದ್ದವು. ಹೇಳಬೇಕೆಂದೇ ಬಂದಿದ್ದಳು, ಬರುವ ದಾರಿಯಲ್ಲಿ ಹೇಳಿಕೊಂಡೂ ನೋಡಿದ್ದಳು.

“ಕೈ ಹೊಲಸಾಯ್ತು ಅಜ್ಜಾ. ತೊಳೀರಿ,” ಎಂದಳು.

“ತಪ್ಪಾಯ್ತು ಅನ್ನು.”

“ಹೊಲಸಾಯ್ತು ಅಂತೀನಿ. ತಪ್ಪು ಮಾಡಿದೋಳು ನಾನಲ್ಲ. ನೆರಳಲ್ಲಿ ಕೂತು ಅವು ಸಾಯೋದನ್ನ ಕಾದೋರು. ಹಿರಿಯರ ಮುಂದೆ ಅದನ್ನ ಹೇಳು ಅನ್ನಿ, ಈಗಲೇ ಹೇಳ್ತೀನಿ.”

ತ್ಸಿಹಾಲಾ ಕುರಿಯ ಹಗ್ಗ ಬಿಚ್ಚಿ ಅವಳ ಕಡೆ ಎಸೆದ. ಕುರಿಗೆ ಮಾತ್ರ ಲಾಭವಾಯಿತು.

ಮರುದಿನ ಮಧ್ಯಾಹ್ನ ಹೋಟ್ಲಿಗೆ ಗಿರಾಕಿ ಬಂದ. ಫಿದಿ. ಏನೂ ಆಗಿಲ್ಲವೆಂಬಂತೆ ಲಾರಿ ನಿಲ್ಲಿಸಿ, ಕಾಲು ಚಾಚಿ ಕೂತ.

“ಅನ್ನ ಹಾಕು ಅವ್ವಾ. ಹಸಿವಾಗಿದೆ.”

ಅವಳು ಹಾಕಿದಳು. ಅನ್ನ ಕೇಳಿದವನಿಗೆ ಇಲ್ಲ ಎಂದು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ರಸ್ತೆಯ ಆಚೆ ಹೆಂಗಸರು ನೋಡುತ್ತಿದ್ದರು. ಫಿದಿ ಎರಡು ತುತ್ತು ನುಂಗಿ, ಬೆರಳು ನೆಕ್ಕಿದ.

“ನೋಡು, ನಿನ್ನೋರೆಲ್ಲ ಬಿಟ್ರು. ನಾನು ಬಂದೆ. ನಿನ್ನ ಕೈಯ ಅನ್ನ ತಿನ್ನೋಕೆ ನಮ್ಮಂಥೋರೇ ಆಗ್ಬೇಕು. ಇನ್ನೇನು ಮಡಿ ನಿನಗೆ? ನೀನೂ ಮುಟ್ಟಿದೆ, ನಾನೂ ಮುಟ್ಟಿದೆ, ಒಂದೇ ಕುಲ ಆಯ್ತು. ಲಾರೀಲಿ ಒಂದಿದೆ. ತರ್ಲಾ?”

ಅವನು ಹೇಳಿದ್ದು ನಿಜವಾಗಿತ್ತು, ಅದೇ ಅವಳಿಗೆ ತಡೆಯಲಾರದ್ದಾಯಿತು. ಆಮೆ ಉಳಿಸಿದ ಕೈಯ ಅನ್ನ ಆಮೆ ತಿನ್ನುವವನಿಗೆ ಮಾತ್ರ ನಡೆಯುತ್ತದೆ. ಅವನ ಮುಂದಿನ ತಟ್ಟೆ ಎಳೆದು, ರಸ್ತೆಯ ಬದಿಗೆ ನಡೆದು, ಅನ್ನವನ್ನು ನೆಲಕ್ಕೆ ಸುರಿದಳು. ಪಾತ್ರೆ ತಂದು ಅದರ ಅನ್ನವನ್ನೂ ಸುರಿದಳು.

“ಎದ್ದೇಳು. ನೆಲಕ್ಕೆ ಹಾಕ್ತೀನಿ, ನಿನಗೆ ಹಾಕಲ್ಲ.”

ಫಿದಿ ಗೊಣಗುತ್ತ ಎದ್ದು ಲಾರಿ ಹತ್ತಿದ. ಬರಗಾಲದಲ್ಲಿ ಅನ್ನ ನೆಲಕ್ಕೆ ಸುರಿದವಳನ್ನು ಊರು ಹಿಂದೆಂದೂ ನೋಡಿರಲಿಲ್ಲ. ಬಿಳಿ ಅನ್ನ ಮರಳಿನ ಮೇಲೆ ಹಬೆಯಾಡುತ್ತಿತ್ತು. ಆಚೆ ಬದಿಯಿಂದ ಮಾಸಿ ಎದ್ದಳು. ರಸ್ತೆ ದಾಟಿ ಬಂದು, ಕುಕ್ಕರಗಾಲಲ್ಲಿ ಕೂತು, ಮೇಲಿನ ಅನ್ನವನ್ನು ಮರಳು ತಾಗದ ಹಾಗೆ ಬಾಚಿ ಬಟ್ಟೆಗೆ ತುಂಬಿಕೊಂಡಳು. ಅಕ್ಕನ ಮುಖ ನೋಡಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಎಲ್ಲರೂ.

“ಮಾಸಿ, ನಾನು ಬೇಯಿಸಿದ್ದು ಅದು,” ಎಂದಳು ನಾಹುವಾ.

“ನೆಲದಿಂದ ತಗೊಂಡ್ವಿ ಅಕ್ಕಾ. ನಿನ್ನ ಕೈಯಿಂದ ಅಲ್ಲ. ಕಂಬದ ಹತ್ರದಿಂದ ನೀನು ಹೋದ ಮೇಲೆ ಅಜ್ಜನ್ನ ಕೇಳಿದ್ವಿ. ನೆಲ ಹಿರಿಯರದ್ದು, ನೆಲ ಮುಟ್ಟಿದ್ದಕ್ಕೆ ಮೈಲಿಗೆ ಇಲ್ಲ ಅಂದ್ರು. ನಾಳೆಯಿಂದ ತಟ್ಟೆ ನೆಲದ ಮೇಲಿಟ್ಟು ನೀನು ಸರ್ಕೋ. ನಾವು ಎತ್ಕೋತೀವಿ. ದನದೋರೂ ಬರ್ತಾರೆ.”

ನಾಹುವಾ ತಂಗಿಯನ್ನೇ ನೋಡಿದಳು. “ಅವತ್ತು ಕೋಲು ಮುಟ್ಟಿದ್ರೂ ಕೈ ಮುಟ್ಟಿದ ಹಾಗೆ ಅಂದ್ರಲ್ಲ ನಿಮ್ಮ ಅಜ್ಜ. ಎರಡು ದಿನ ಅವು ಒಳಗೆ ಪರಚ್ತಾ ಇದ್ವು. ಆಗ ಒಂದು ಉಪಾಯ ಯಾರಿಗೂ ಹೊಳೀಲಿಲ್ವಾ?”

“ಆಗ ಬಾಯಾರಿದ್ದು ಅವಕ್ಕೆ,” ಎಂದಳು ಮಾಸಿ. “ಈಗ ಹಸಿದಿರೋದು ನಾವು.”

ಸುಳ್ಳು ಹೇಳಿದ್ದರೆ ನಾಹುವಾ ಅವಳ ಮುಖಕ್ಕೆ ಉಗಿಯುತ್ತಿದ್ದಳು. ಒಳಗೆ ಹೋಗಿ ಅಕ್ಕಿ ಅಳೆದು, ತೊಳೆದು, ಮತ್ತೆ ಒಲೆಗಿಟ್ಟಳು. ಬೆಂದ ಮೇಲೆ ಹನ್ನೆರಡು ತಟ್ಟೆ ಬಡಿಸಿ ರಸ್ತೆಯ ಬದಿಯಲ್ಲಿ ಸಾಲಾಗಿ ನೆಲಕ್ಕಿಟ್ಟು, ಹಿಂದೆ ಸರಿದು ನಿಂತಳು. ಹೆಂಗಸರು ಬಂದು ಒಂದೊಂದನ್ನೇ ಎತ್ತಿಕೊಂಡರು. ಹದಿಮೂರನೆಯದು ಅವಳದು. ಅದನ್ನು ಅವಳು ನೆಲಕ್ಕಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಎಲ್ಲರಿಗೂ ಕಾಣುವ ಹಾಗೆ ನಿಂತು ತಿಂದಳು.